ಮೆಮೆಯ ಕೋಣೆಯ ಕಿಟಕಿ

"ನಿಮ್ಮಮ್ಮ ನಮ್ಮ ಮನೆಗೆ ಕೆಂಪು ಚೀಟಿ ಅಂಟಿಸಿ ಹೋಗಿದ್ದಾಳೆ!"

ಕೊರಾಲಿ ಟೇಬಲ್ ಗುದ್ದಿದ ಏಟಿಗೆ ಎಮೆಟ್‌ನ ಹಾಲಿನ ಡಬ್ಬ ಉರುಳಿತು. ಹಾಲೆಲ್ಲ ಅವನ ಸ್ಯಾಂಡ್‌ವಿಚ್ ಮೇಲೆ ಹರಿಯಿತು. ಊಟಕ್ಕೆ ಕೂತಿದ್ದ ಐದನೇ ಕ್ಲಾಸಿನವರೆಲ್ಲ ತಿರುಗಿ ನೋಡಿದರು.

"ನಮ್ಮಮ್ಮನ್ನ ಅವಳು ಇವಳು ಅಂದ್ರೆ ಸರಿ ಇರಲ್ಲ ನೋಡು," ಎಂದ ಎಮೆಟ್. "ಅದು ಅವ್ರ ಕೆಲ್ಸ. ನಿಮ್ಮಪ್ಪ ಪರ್ಮಿಟ್ ಇಲ್ದೆ ಕೋಣೆ ಕಟ್ತಿದ್ರಂತೆ."

"ಸುಳ್ಳು! ಪರ್ಮಿಟ್ ಬಂತು ಅಂತ ಅಪ್ಪಾನೇ ಹೇಳಿದ್ದು!"

"ಬಂದಿದ್ರೆ ತೋರ್ಸೋಕೆ ಹೇಳು ಮತ್ತೆ."

ಕೊರಾಲಿ ಊಟ ಅಲ್ಲೇ ಬಿಟ್ಟು ಎದ್ದುಹೋದಳು. ಬೆನ್ನ ಹಿಂದೆ ಯಾರೋ ಕಿಸಕ್ಕೆಂದರು. ಕಿವಿ ಬಿಸಿಯಾಯಿತು.

ಆ ಊರಲ್ಲಿ ಯಾರು ಮನೆ ಕಟ್ಟಿದರೂ, ಇದ್ದ ಮನೆಗೆ ಒಂದು ಕೋಣೆ ಸೇರಿಸಿದರೂ ಮೊದಲು ಟೌನ್ ಆಫೀಸಿಗೆ ನಕ್ಷೆ ಕೊಟ್ಟು ಪರ್ಮಿಟ್ ಪಡೆಯಬೇಕಿತ್ತು. ನಕ್ಷೆ ನೋಡುವುದು, ಕಟ್ಟಡ ನೋಡುವುದು ಎಲ್ಲ ಎಮೆಟ್‌ನ ಅಮ್ಮ ಮಿಸೆಸ್ ಹ್ಯಾಸ್ಕೆಲ್ ಅವರ ಕೆಲಸ.

ಕೊರಾಲಿಯ ಅಜ್ಜಿ ಮೆಮೆ ಹೆಪ್ಪುಗಟ್ಟಿದ ಮಂಜಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಈಗ ನಗರದ ಆಸ್ಪತ್ರೆಯಲ್ಲಿ ನಡೆಯುವುದನ್ನು ಕಲಿಯುತ್ತಿದ್ದಳು. ಅಮ್ಮ ಅವಳ ಜೊತೆಗಿದ್ದಳು. ಮೆಮೆ ಇನ್ನು ಮಹಡಿ ಹತ್ತುವಂತಿಲ್ಲ. ಅದಕ್ಕೇ ಅಪ್ಪ ಅಡುಗೆಮನೆಗೆ ತಾಗಿಸಿ ಕೆಳಗೊಂದು ಕೋಣೆ ಕಟ್ಟುತ್ತಿದ್ದ. ಶನಿವಾರ ಮೆಮೆ ಬರುವವಳಿದ್ದಳು.

ಅಷ್ಟರಲ್ಲಿ ಈ ಕೆಂಪು ಚೀಟಿ! 'ಕೆಲಸ ನಿಲ್ಲಿಸಿ' ಎಂದು ದಪ್ಪಕ್ಷರದಲ್ಲಿ ಬರೆದದ್ದು!

ಶಾಲೆ ಬಿಟ್ಟು ಬಂದರೆ ಹಿತ್ತಲಲ್ಲಿ ಜಗಳ ನಡೆದಿತ್ತು. ಮಿಸೆಸ್ ಹ್ಯಾಸ್ಕೆಲ್ ಹಳದಿ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದರು. ಅಪ್ಪ ರೆನೊನ ಮುಖ ಕೆಂಪಾಗಿತ್ತು.

"ನನ್ನ ಜಾಗ, ನನ್ನ ಮರ, ನನ್ನ ಮೊಳೆ. ನಿಮಗೇನ್ರೀ ಕಷ್ಟ?"

"ರೆನೊ, ಮೊದ್ಲು ನಕ್ಷೆ ಕೊಡಬೇಕಿತ್ತಲ್ವಾ?"

"ಯಾರಿಗೆ ಕೊಡ್ಲಿ? ಬಂದಾಗೆಲ್ಲ ನಿಮ್ಮಾಫೀಸಿಗೆ ಬೀಗ! ಕೆಲ್ಸ ಬಿಟ್ಟು ಎಷ್ಟು ಸಲ ಅಲೀಲಿ ನಾನು?"

"ವಾರಕ್ಕೆ ಎರಡೇ ದಿನ ತೆಗಿಯೋದು. ಅದು ನನಗೂ ಸರಿ ಅನ್ಸಲ್ಲ, ಮೀಟಿಂಗಲ್ಲಿ ಬೇಕಾದಷ್ಟು ಕೂಗಾಡಿದೀನಿ." ಅವರು ಗೋಡೆಯ ಕಡೆ ಕೈ ತೋರಿಸಿದರು. "ಆ ಮಾತು ಬೇರೆ. ಈ ಕಿಟಕಿ ನೋಡಿ. ಕೋಣೆಗೆ ಇರೋದು ಒಂದೇ ಬಾಗಿಲು, ಅದೂ ಕಟ್ಟಿಗೆ ಒಲೆ ಕಡೆಗೆ. ರಾತ್ರಿ ಅಲ್ಲೇ ಬೆಂಕಿ ಬಿದ್ರೆ ನಿಮ್ಮ ತಾಯಿ ಎಲ್ಲಿಂದ ಹೊರಗೆ ಬರ್ತಾರೆ?"

"ಕಿಟಕಿಯಿಂದ!" ಎಂದು ಕಿರುಚಿದಳು ಕೊರಾಲಿ. "ಬರ್ಬಹುದು! ನಾನು ಬಂದು ತೋರಿಸ್ತೀನಿ, ನೋಡಿ!"

"ಕೊರಾಲಿ, ಬೇಡ," ಎಂದ ಅಪ್ಪ.

ಅವಳು ಕೇಳಲಿಲ್ಲ. ಒಳಗೆ ನುಗ್ಗಿ ಮರದ ಪೆಟ್ಟಿಗೆಯೊಂದನ್ನು ಎಳೆದು ಹತ್ತಿದಳು. ಅದು ಅಪ್ಪ ಯಾರದೋ ಹಳೇ ಗ್ಯಾರೇಜಿನಿಂದ ಬಿಚ್ಚಿ ತಂದ ಕಿಟಕಿ. ಕೆಳಗಿನ ಗಾಜು ಅರ್ಧ ಮಾತ್ರ ಮೇಲಕ್ಕೆ ಸರಿಯುತ್ತಿತ್ತು. ಕೊರಾಲಿ ತಲೆ ತೂರಿಸಿದಳು. ಒಂದು ಕೈ ಬಂತು. ಇನ್ನೊಂದೂ ಬಂತು. ಉಸಿರು ಬಿಗಿಹಿಡಿದು ಕಾಲು ಝಾಡಿಸಿದಳು.

ಅಲ್ಲೇ ಸಿಕ್ಕಿಕೊಂಡಳು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಚೌಕಟ್ಟು ಹೊಟ್ಟೆಗೆ ಒತ್ತುತ್ತಿತ್ತು. ಕೂಗಬೇಕೆಂದರೆ ಉಸಿರೇ ಸಾಲಲಿಲ್ಲ.

"ಅಪ್ಪಾ..."

ಅಪ್ಪ ಒಳಗೆ ಓಡಿಬಂದು ಅವಳನ್ನು ಮೆಲ್ಲಗೆ ಹಿಂದಕ್ಕೆ ಎಳೆದ. ಕೋಟಿನ ಗುಂಡಿಯೊಂದು ಕಿತ್ತು ಹಾರಿತು. ಹೊರಗೆ ಮಿಸೆಸ್ ಹ್ಯಾಸ್ಕೆಲ್ ನಗಲಿಲ್ಲ. "ನೋಡಿದ್ಯಾ?" ಎಂದೂ ಅನ್ನಲಿಲ್ಲ. ಅವರು ನಕ್ಕಿದ್ದರೆ ಕೊರಾಲಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಗುರುವಾರ ಆಫೀಸ್ ತೆಗ್ದಿರುತ್ತೆ," ಎಂದರು ಅವರು. "ನಕ್ಷೆಲಿ ದೊಡ್ಡ ಕಿಟಕಿ ಹಾಕಿ ಬರ್ಕೊಂಡು ಬನ್ನಿ, ರೆನೊ. ನಾನೇ ಕೂತು ನೋಡ್ತೀನಿ. ಆದ್ರೂ ಶನಿವಾರಕ್ಕೆ ಆಗಲ್ಲ."

ಅವರ ಗಾಡಿ ಹೊರಟುಹೋಯಿತು. ಅಪ್ಪ ಸುತ್ತಿಗೆಯನ್ನು ಬಕೆಟ್ಟಿಗೆ ಎಸೆದ. ಕೊರಾಲಿ ಹೊಟ್ಟೆ ಹಿಡಿದುಕೊಂಡೇ ನಿಂತಿದ್ದಳು. ತನಗೇ ಹೊರಗೆ ಬರಲು ಆಗಲಿಲ್ಲ. ಕೋಲು ಹಿಡಿದ ಮೆಮೆ, ಹೊಗೆಯಲ್ಲಿ, ಕತ್ತಲಲ್ಲಿ... ಅವಳಿಗೆ ಮುಂದೆ ಯೋಚಿಸಲಾಗಲಿಲ್ಲ. ಬೆಳಗಿನಿಂದ ಕುದಿಯುತ್ತಿದ್ದ ಸಿಟ್ಟೆಲ್ಲ ಗಿರ್ರನೆ ಅಪ್ಪನ ಕಡೆ ತಿರುಗಿತು.

"ಪರ್ಮಿಟ್ ಬಂತು ಅಂದಿದ್ದೆ ನೀನು."

ಅಪ್ಪ ಬಗ್ಗಿ ಬಿದ್ದ ಮೊಳೆಗಳನ್ನು ಆಯತೊಡಗಿದ.

"ಅಂದಿದ್ದೆ ತಾನೇ? ಎಮೆಟ್ ಹೇಳಿದ್ದು ಸುಳ್ಳು ಅಂದೆ ನಾನು. ಎಲ್ಲರೆದುರಿಗೆ! ಸುಳ್ಳು ಹೇಳಿದ್ದು ನೀನು!"

"ಹೌದು," ಎಂದ ಅಪ್ಪ.

ಇನ್ನೇನಾದರೂ ಹೇಳುತ್ತಾನೇನೋ ಎಂದು ಅವಳು ಕಾದಳು. ಅವನು ಬಕೆಟ್ ಎತ್ತಿಕೊಂಡು ಒಳಗೆ ಹೋದ. ಕೊರಾಲಿ ಮೇಲೆ ಹೋಗಿ ಬಾಗಿಲನ್ನು ಧಡಾರನೆ ಹಾಕಿಕೊಂಡಳು. ಸಾಲದೆನಿಸಿ, ತೆಗೆದು ಮತ್ತೊಮ್ಮೆ ಹಾಕಿದಳು.

ಸಂಜೆ ಫೋನ್ ಹೊಡೆದುಕೊಂಡಿತು. ಅಪ್ಪ ಎತ್ತಲೇ ಇಲ್ಲ. ಕೊನೆಗೆ ಕೊರಾಲಿಯೇ ಕೆಳಗಿಳಿದು ಬಂದು ಎತ್ತಿಕೊಂಡಳು.

"ಏನೇ ಕೂಸೇ!" ಮೆಮೆಯ ದನಿ ಗಿಲಕಿಯ ಹಾಗಿತ್ತು. "ನನ್ನ ಕೋಣೆ ರೆಡಿಯಾಯ್ತೇನೇ? ಇಲ್ಲಿನ ಸೂಪು ಕುಡಿದೂ ಕುಡಿದೂ ನಾಲಿಗೆ ಸತ್ತೇಹೋಗಿದೆ. ಶನಿವಾರಕ್ಕೆ ಈಗ್ಲೇ ಚೀಲ ತುಂಬಿಟ್ಟಿದೀನಿ. ನರ್ಸ್ ನಗ್ತಾಳೆ. ನಗ್ಲಿ ಬಿಡು! ಪರ್ಮಿಟ್ಟು ಗಿರ್ಮಿಟ್ಟು ಎಲ್ಲ ಆಯ್ತು ತಾನೇ?"

'ಹೂಂ' ಎನ್ನುವ ಮಾತು ತಾನಾಗಿಯೇ ಕೊರಾಲಿಯ ನಾಲಿಗೆ ತುದಿಗೆ ಬಂದು ಕೂತಿತು. ಅಷ್ಟು ಅಂದರೆ ಸಾಕು, ಮೆಮೆ ನಗುತ್ತಾಳೆ. ಚೀಲ ಮಂಚದ ಪಕ್ಕದಲ್ಲೇ ಇರುತ್ತದೆ. ಇವತ್ತು ಯಾರಿಗೂ ಬೇಜಾರಾಗುವುದಿಲ್ಲ.

ಅವಳು ಅಪ್ಪನನ್ನು ನೋಡಿದಳು. ಅವನು ಬೆನ್ನು ತಿರುಗಿಸಿಕೊಂಡು, ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದ. ಅವನನ್ನೂ ಮೆಮೆ ಹೀಗೇ ಕೇಳಿರಬೇಕು. ಇದೇ ದನಿಯಲ್ಲಿ. ಅವನು ಹೂಂ ಅಂದುಬಿಟ್ಟಿರಬೇಕು.

"ಇನ್ನೂ ಇಲ್ಲ, ಮೆಮೆ," ಎಂದಳು ಕೊರಾಲಿ. "ಶನಿವಾರಕ್ಕೆ ಆಗಲ್ಲ."

"ನಿಮ್ಮಪ್ಪಂಗೆ ಕೊಡು ಫೋನು," ಎಂದಳು ಮೆಮೆ. ಗಿಲಕಿ ನಿಂತಿತ್ತು.

ಅಪ್ಪ ಒದ್ದೆ ಕೈಯಲ್ಲೇ ಫೋನ್ ತೆಗೆದುಕೊಂಡ. ಮೆಮೆ ಬೈಯುವುದು ದೂರದವರೆಗೂ ಕೇಳಿಸುತ್ತಿತ್ತು. "ಹೂಂ ಅಮ್ಮ... ಹೌದು ಅಮ್ಮ... ತಪ್ಪು ನಂದೇ," ಎನ್ನುತ್ತ ಅವನು ಗೋಡೆಗೆ ಒರಗಿದ.

ಕೊರಾಲಿಯ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೂ ಅವಳು ಮೇಲೆ ಹೋಗಲಿಲ್ಲ. ಬೈಗುಳ ಮುಗಿಯುವವರೆಗೂ ಅಪ್ಪನ ಪಕ್ಕದಲ್ಲೇ ಗೋಡೆಗೊರಗಿ ನಿಂತಳು.