ಜರಡಿ ಹಿಡಿಯದ ಒಂದು ಬುಟ್ಟಿ ಮಣ್ಣು

೨೦೨೫ರ ಮೇ ೧೦, ಶನಿವಾರ ಮಧ್ಯಾಹ್ನ ೩.೪೦ಕ್ಕೆ ಪ್ರೊಫೆಸರ್ ಜಗನ್ನಾಥ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಕೆಂಗೇರಿಯಾಚೆಯ ಹೊಲದಲ್ಲಿ ಅವರ ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ಉತ್ಖನನ ಕಲಿಯುತ್ತಿದ್ದರು. ಗುರುವಾರ ಹಳೆಯ ಮಡಕೆ ಚೂರುಗಳ ನಡುವೆ ಎಳೆಗೂಸೊಂದರ ಮೂಳೆಗಳು ಸಿಕ್ಕಿದ್ದವು. ಎರಡು ಸಾವಿರ ವರ್ಷದವೆಂದು ಅವರ ಲೆಕ್ಕ; ಸೋಮವಾರ ಪರೀಕ್ಷೆಗೆ ಹೊರರಾಜ್ಯಕ್ಕೆ ಹೋಗಬೇಕಿತ್ತು. ಇವತ್ತು ಊಟದ ಹೊತ್ತಿನಲ್ಲಿ ಗುಂಡಿಯಿಂದಲೇ ಕಾಣೆಯಾಗಿದ್ದವು.

ಇನ್ಸ್‌ಪೆಕ್ಟರ್ ಶೋಭಾರಾಣಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಮುತ್ತುರಾಜನೊಂದಿಗೆ ಹೊರಟಳು.

ಗುಂಡಿಯಿಂದ ತೆಗೆದ ಪ್ರತಿ ಬುಟ್ಟಿ ಮಣ್ಣನ್ನೂ ಜರಡಿ ಹಿಡಿದೇ ಗುಡ್ಡೆಗೆ ಸುರಿಯುವುದು ಅಲ್ಲಿನ ನಿಯಮ. ಹಿಟ್ಟಿನಂಥ ಆ ಗುಡ್ಡೆಯ ಅಂಚಿನಲ್ಲಿ ಮುತ್ತುರಾಜನಿಗೆ ಒಂದಷ್ಟು ಹೆಂಟೆಗಳು ಕಂಡವು.

"ಇದನ್ನ ಜರಡಿ ಹಿಡಿದಿಲ್ಲ ಮೇಡಂ. ಬುಟ್ಟೀಲಿ ಏನನ್ನೋ ಇಟ್ಟು, ಮೇಲೆ ಮಣ್ಣು ಮುಚ್ಕೊಂಡು ತಂದು, ಮಣ್ಣನ್ನ ಇಲ್ಲಿ ಸುರಿದವ್ರೆ."

ಊಟದ ಹೊತ್ತಿನಲ್ಲಿ ಗುಂಡಿಯ ಬಳಿ ಉಳಿದಿದ್ದವರು ಮಣ್ಣು ಹೊರುವ ವೆಂಕಟಲಕ್ಷ್ಮಮ್ಮ ಒಬ್ಬರೇ. ಆ ಹೆಸರು ಕೇಳಿದ್ದೇ ತಡ, ಗುಂಡಿ ತೋಡಿದ್ದ ವಿದ್ಯಾರ್ಥಿನಿ ಇಂಚರಾ ಅಳತೊಡಗಿದಳು. ಚೀಲದಿಂದ ಕೂಸಿನ ಕರಿಮಣಿ ಬಳೆಯೊಂದನ್ನು ತೆಗೆದಳು. ಮಣಿಗಳನ್ನು ಪೋಣಿಸಿದ್ದು ಪ್ಲಾಸ್ಟಿಕ್ ದಾರದಲ್ಲಿ.

ಇತ್ತೀಚಿನ ಕಾಲದ ಗುಣಿಯೊಂದು ಹಳೆಯ ಪದರವನ್ನು ಕೊರೆದುಕೊಂಡು ಇಳಿದಿತ್ತು; ಅದರ ಅಂಚು ಗುರುತಿಸದೆ ಅವಳು ಎಲ್ಲವನ್ನೂ ಒಟ್ಟಿಗೆ ಕೆರೆದುಹಾಕಿದ್ದಳು. ಜರಡಿಯಲ್ಲಿ ಬಳೆ ಸಿಕ್ಕಾಗ ತಪ್ಪು ತಿಳಿಯಿತು. ಸರ್ ಬೈಯುತ್ತಾರೆಂದು ಬಚ್ಚಿಟ್ಟಳು. ಅಂದೇ ವೆಂಕಟಲಕ್ಷ್ಮಮ್ಮ ಅದು ತನ್ನ ಮಗುವೆಂದು ಹೇಳಿದ್ದರು, ಜಗನ್ನಾಥರು ನಕ್ಕಿದ್ದರು. ಇಂಚರಾ ಪಕ್ಕದಲ್ಲೇ ಇದ್ದಳು.

ಜಗನ್ನಾಥರು ಬಳೆಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. ದೂರು ವಾಪಸು ತೆಗೆದುಕೊಳ್ಳಬಹುದೇ ಎಂದು ಮೆಲ್ಲಗೆ ಕೇಳಿದರು. ಆಗುವುದಿಲ್ಲ ಎಂದಳು ಶೋಭಾರಾಣಿ. ಹಳೆಯದಲ್ಲವೆಂದಾದರೆ ಈ ಕೂಸು ಹೇಗೆ ಸತ್ತಿತೆಂಬ ಪ್ರಶ್ನೆಯೂ ಏಳುತ್ತದೆ. ನಿಜ ಗೊತ್ತಾದದ್ದರಿಂದ ಆ ಹೆಂಗಸಿನ ಕುತ್ತಿಗೆಗೆ ಹಗ್ಗ ಇನ್ನಷ್ಟು ಬಿಗಿಯಾಗಿತ್ತು.

೫.೩೫ಕ್ಕೆ ಪೊಲೀಸರು ಇಂಚರಾಳನ್ನೂ ಕರೆದುಕೊಂಡು ಮನೆ ತಲುಪಿದಾಗ ವೆಂಕಟಲಕ್ಷ್ಮಮ್ಮ ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಕೂತಿದ್ದರು. ಪಕ್ಕದಲ್ಲಿ ಹಸಿ ಮಣ್ಣು.

"ನೀವೇ ತಂದ್ರಾ?"

"ನಾನೇ ತಾಯಿ."

"ಯಾವಾಗಿನ ಮಗು?"

"ಮೂವತ್ತೊಂದು ವರ್ಷ ಆತು. ಒಂಬತ್ತು ದಿನ ಇತ್ತು, ಹಾಲು ಕಕ್ಕಿ ಹೋತು. ಬಾಣಂತಿ ಹೊರಗೆ ಬರಬಾರ್ದು ಅಂತ ಮನೆಯೋರು ಬಾಗಿಲು ಹಾಕ್ಕಂಡು ಎತ್ಕೊಂಡೋದ್ರು. ಹೊಲದ ಹೊಂಗೆಮರದ ಮೂಡಕ್ಕೆ ಹೂತ್ವಿ ಅಂದ್ರು, ಅಷ್ಟೇಯ."

ಆ ಹೊಲ ಅಗೆಯುತ್ತಾರೆಂದು ಕೇಳಿಯೇ ಅವರು ಕೂಲಿಗೆ ಸೇರಿದ್ದರು.

ಅವರು ಹೂತಿದ್ದನ್ನು ಮತ್ತೆ ತೆಗೆಯದೆ ಗತ್ಯಂತರವಿರಲಿಲ್ಲ. ಮೂಳೆ ಮುರಿಯದಂತೆ ತೆಗೆಯಲು ಬಲ್ಲವಳೆಂದು ಶೋಭಾರಾಣಿ ಇಂಚರಾಳನ್ನೇ ಕೂರಿಸಿದಳು. ಸಾಕ್ಷಿಗೆ ಇಬ್ಬರು ಪಂಚರು ನಿಂತರು. ಹಳೆಯ ಸೀರೆಯ ತುಂಡು ಕಂಡಾಗ ಹುಡುಗಿ ಕುಂಚ ಕೆಳಗಿಟ್ಟು ಬೆರಳಿನಿಂದ ಮಣ್ಣು ಬಿಡಿಸತೊಡಗಿದಳು.

"ನಿಧಾನ ಕಣವ್ವ," ಎಂದರು ವೆಂಕಟಲಕ್ಷ್ಮಮ್ಮ. "ನೆತ್ತಿ ಮೆತ್ತಗಿರ್ತದೆ."

ಪಂಚನಾಮೆಗೆ ಕೂಸಿನ ಹೆಸರು ಕೇಳಿದರೆ ಹೆಸರಿರಲಿಲ್ಲ. ಹನ್ನೊಂದನೆಯ ದಿನಕ್ಕೆ ಇಡಬೇಕಾಗಿತ್ತು. ಜಪ್ತಿ ಪಟ್ಟಿಯಲ್ಲಿ ಮುದ್ದೆಮಾಲು ನಂಬರ್ ಒಂದು ಎಂದು ಬರೆದು, ಸೀರೆಯ ಗಂಟಿಗೆ ಅರಗಿನ ಮುದ್ರೆ ಒತ್ತಿದರು. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ದಸ್ತಗಿರಿ ಮಾಡುವಂತಿಲ್ಲ. ಇನ್ನೂ ಬೆಳಕಿರುವಾಗಲೇ, ೬.೨೦ಕ್ಕೆ ಮಾಡಿದರು.

ಪರೀಕ್ಷೆಯ ವರದಿ ಬರಲು ವರ್ಷವಾದರೂ ಆದೀತು. ಅಲ್ಲಿಯವರೆಗೆ ಗಂಟು ಠಾಣೆಯ ಕಬ್ಬಿಣದ ಬೀರುವಿನಲ್ಲಿ. ಕೃತ್ಯಕ್ಕೆ ಕಾರಣ ಎಂಬಲ್ಲಿ ಶೋಭಾರಾಣಿ ಒಂದೇ ಸಾಲು ಬರೆದಳು: ಆರೋಪಿಗೆ ತನ್ನ ಕೂಸನ್ನು ಮಣ್ಣು ಮಾಡಲು ಮೊದಲ ಸಲ ಬಿಟ್ಟಿರಲಿಲ್ಲ.