ಕನ್ನಡಿಯ ಮೇಲಿನ ಧೂಳು

"ಇದನ್ನ ಒರೆಸು ಅಂತ ಯಾರು ಹೇಳಿದ್ರು ನಿಂಗೆ?"

ಅವನ ದನಿಗೆ ಅವಳು ಬೆಚ್ಚಿದಳು; ಕೈಲಿದ್ದ ಒದ್ದೆ ಬಟ್ಟೆ ಜಾರಿ ಬಕೆಟ್ಟಿಗೆ ಬಿತ್ತು. ಪರೀಕ್ಷೆ ಮುಗಿಸಿ ಬಂದವನು ಬೀರುವಿನ ಕನ್ನಡಿಯ ಮುಂದೆ ಕಲ್ಲಾಗಿ ನಿಂತಿದ್ದ. ಕನ್ನಡಿ ಫಳಫಳ ಹೊಳೆಯುತ್ತಿತ್ತು!

ನಾಲ್ವರು ವಿದ್ಯಾರ್ಥಿಗಳು ಸೇರಿ ಬಾಡಿಗೆಗೆ ಹಿಡಿದ ಮನೆ ಅದು. ಕಸ ಕಂಡರೆ ಮೈಮೇಲೆ ಬಂದವಳಂತೆ ಆಡುವ ಅವಳಿಗೆ ಉಳಿದವರಿಟ್ಟ ಹೆಸರು ಪೊರಕೆ. ಮಧ್ಯಾಹ್ನವೂ ಹೊದ್ದು ಮಲಗುವ ಅವನು ಗೊರಕೆ. ಪೊರಕೆಗೆ ಗೊರಕೆಯ ಮೇಲೆ ಮನಸ್ಸಾಗಿತ್ತು. ಹೇಳುವ ಧೈರ್ಯವಿರಲಿಲ್ಲ, ಪಾಪ. ಬಾಯಿಗೆ ಬಾರದ್ದನ್ನು ಕೈಯಲ್ಲಾದರೂ ತೋರಿಸೋಣ ಎಂದು, ಅವನು ಪರೀಕ್ಷೆಗೆ ಹೋದ ಹೊತ್ತಿನಲ್ಲಿ ಕೋಣೆಗೆ ನುಗ್ಗಿದ್ದಳು. ಹಾಸಿಗೆಯಡಿಯ ಕಾಲುಚೀಲದಿಂದ ಹಿಡಿದು ಫ್ಯಾನಿನ ರೆಕ್ಕೆಯವರೆಗೆ ಒಂದನ್ನೂ ಬಿಟ್ಟಿರಲಿಲ್ಲ. ಕನ್ನಡಿಯನ್ನು ಮುಚ್ಚಿದ್ದ ಟವೆಲ್ಲನ್ನೂ ಒಗೆಯಲೆಂದು ಎಳೆದಿದ್ದಳು.

"ಧೂಳು ಹಿಡಿದಿತ್ತು ಕಣೋ... ಯಾರೋ ಬೆರಳಲ್ಲಿ ಏನೋ ಬರೆದಿದ್ರು. ಫ್ರೆಂಡ್ಸು ನಿನ್ನ ರೇಗಿಸೋಕೆ ಬರೆದಿದಾರೆ ಅಂದ್ಕೊಂಡೆ."

"ಅಮ್ಮ ಬರೆದಿದ್ದು."

ಅವನು ಹಾಸಿಗೆಯ ಅಂಚಿನಲ್ಲಿ ಕುಸಿದು ಕುಳಿತ.

"ಹೋದ ವರ್ಷ ನನ್ನ ನೋಡೋಕೆ ಬಂದಿದ್ಲು. ನಾನು ಮಲಗಿದ್ದೆ. ಪಾಪ ನಿದ್ದೆಗೆಟ್ಟು ಓದಿದಾನೆ ಅಂತ ಎಬ್ಬಿಸ್ಲೇ ಇಲ್ಲ. ಆ ಧೂಳಲ್ಲಿ ಬರೆದಿಟ್ಟು ಬಸ್ಸು ಹತ್ತಿದ್ಲು. ಅದೇ ವಾರ... ಹೋಗ್ಬಿಟ್ಲು."

ಅವಳು ಹತ್ತಿರ ಬಂದಳು. ಅವನು ಮುಖ ತಿರುಗಿಸಿದ.

"ಹೊರಗೆ ಹೋಗು."

ಅಯ್ಯೋ, ಏನು ಮಾಡಿಬಿಟ್ಟೆ ನಾನು! ಒಡೆದದ್ದಾದರೆ ಅಂಟಿಸಿಕೊಡಬಹುದು, ಹರಿದದ್ದಾದರೆ ಹೊಲಿದುಕೊಡಬಹುದು. ಒರೆಸಿದ ಧೂಳನ್ನು ಎಲ್ಲಿಂದ ತಂದುಕೊಡಲಿ? ಅವಳು ಬಚ್ಚಲಿನ ನಲ್ಲಿ ತಿರುಗಿಸಿಟ್ಟು, ಆ ಸದ್ದಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

ಅಂದಿನಿಂದ ಅವನು ಅವಳ ಜೊತೆ ಮಾತಾಡಲಿಲ್ಲ. ಅವಳು ಅಡುಗೆಮನೆಗೆ ಬಂದರೆ ಅರ್ಧ ಕುಡಿದ ಲೋಟ ಇಟ್ಟು ಎದ್ದು ಹೋಗುತ್ತಿದ್ದ. ಕಣ್ಣೆದುರಿಗಿದ್ದು ಅವನನ್ನು ಇನ್ನಷ್ಟು ನೋಯಿಸಬಾರದು ಎಂದು ಅವಳು ಬೇರೆ ಕಡೆ ಕೋಣೆ ನೋಡಿಕೊಂಡಳು.

ಸೂಟ್‌ಕೇಸ್ ಹಿಡಿದು ಹೊರಟಾಗ ಅವನು ಮೆಟ್ಟಿಲ ಮೇಲೆ ಕುಳಿತಿದ್ದ.

"ಹೊರಟ್ಯಾ?"

"ಹೂಂ. ಕ್ಷಮಿಸು ಅಂತ ಕೇಳೋಕೂ ಮುಖ ಇಲ್ಲ ನಂಗೆ."

ಅವನು ಸರಿದು ಪಕ್ಕದಲ್ಲಿ ಜಾಗ ಬಿಟ್ಟ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ. "ಆ ಟವೆಲ್ ಹಾಕಿದ್ದು ನಾನೇ. ಅಮ್ಮ ಹೋದ ಮೇಲೆ ನೋಡೋ ಧೈರ್ಯ ಆಗ್ಲಿಲ್ಲ. ಏನು ಬರೆದಿದ್ಲು ಅಂತ ಗೊತ್ತು... ಹೇಗೆ ಬರೆದಿದ್ಲು ಅನ್ನೋದೇ ಮರೆತುಹೋಗಿದೆ ಕಣೇ. ಕೊನೇಲಿ ನೋಡಿದ್ದು ನೀನೊಬ್ಳೇ. ಹೇಳ್ತೀಯಾ?"

ಅವಳು ಸೂಟ್‌ಕೇಸ್ ಕೆಳಗಿಟ್ಟು ಅವನ ಪಕ್ಕ ಕುಳಿತಳು.

"ದುಂಡನೆ ಅಕ್ಷರ. 'ಎದ್ದ ಮೇಲೆ ಊಟ ಮಾಡು ಕಂದ' ಅಂತಿತ್ತು. ಕಂದ ಅನ್ನೋದಕ್ಕೆ ಜಾಗ ಸಾಲದೆ, ಕೆಳಗೆ ಓರೆಯಾಗಿ ಬರೆದಿದ್ರು."

"ಓರೆಯಾಗಿ... ಹೌದು. ಅವಳ ಸಾಲು ಯಾವಾಗ್ಲೂ ಕೆಳಗೆ ಜಾರ್ತಿತ್ತು."

ಅವನು ಅಳತೊಡಗಿದ. ಅಮ್ಮ ಹೋದಾಗಲೂ ಅಳದಿದ್ದವನು ಅವಳ ಹೆಗಲಿಗೆ ಹಣೆ ಇಟ್ಟು ಮಗುವಿನಂತೆ ಅತ್ತ.

"ಇನ್ನೊಂದ್ಸಲ ಹೇಳು."

ಅವಳು ಹೇಳಿದಳು. ಅವನು ಕೇಳಿದಷ್ಟು ಸಲವೂ ಹೇಳಿದಳು.

"ಪ್ರೀತಿಯಿಂದಲೇ ಕಣೋ ಒರೆಸಿದ್ದು..."

"ಗೊತ್ತು. ಅದಕ್ಕೇ ಬೈಯೋಕೂ ಆಗ್ಲಿಲ್ಲ, ನಿನ್ನ ಬಿಡೋಕೂ ಆಗ್ತಿಲ್ಲ."