ಎರಡು ಗೆರೆಯ ದೋಣಿ

2025ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 7.10. ಎಚ್.ಡಿ. ಕೋಟೆ ತಾಲ್ಲೂಕಿನ ಹಿನ್ನೀರಿನ ಅಂಚಿನಲ್ಲಿರುವ ಠಾಣೆಗೆ ಹೊಸಕಡವಿನ ಪುಟ್ಟತಾಯಮ್ಮ ಬರಿಗಾಲಲ್ಲಿ ಓಡಿಬಂದಳು. ಸೆರಗೆಲ್ಲ ಕಪ್ಪುಗಟ್ಟಿದ ರಕ್ತ.

"ನಮ್ಮನೆಯವ್ರ್ನ ಹೊಡ್ದು ಸಾಯ್ಸವ್ರೆ ಸಾ. ದೋಣಿ ಒಳ್ಗೇ ಬಿದ್ದವ್ರೆ."

"ಹೆಸರು ಹೇಳಮ್ಮ," ಎಂದರು ಇನ್ಸ್‌ಪೆಕ್ಟರ್ ನೀಲಕಂಠಸ್ವಾಮಿ.

ಗಂಡ ಸತ್ತರೂ ಅವಳ ಬಾಯಲ್ಲಿ ಅವನ ಹೆಸರು ಬರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಹುಚ್ಚಯ್ಯನೇ "ನಿಂಗಯ್ಯ ಸಾರ್, ಕಡವಿನ ದೋಣಿಯವನು" ಎಂದು ಬರೆದುಕೊಂಡ. ಕೊಲೆ ಪ್ರಕರಣವೆಂದು ಎಫ್‌ಐಆರ್ ದಾಖಲಾದಾಗ 7.45.

8.40ಕ್ಕೆ ಕಡವಿನಲ್ಲಿ ಪಂಚನಾಮೆ ಶುರುವಾಯಿತು. ಹದಿನೈದು ವರ್ಷದ ಸರ್ವಿಸ್‌ನಲ್ಲಿ ಹೆಣ ನೋಡಿ ನೋಡಿ ಮನಸ್ಸು ಕಲ್ಲಾಗಿದ್ದ ಹುಚ್ಚಯ್ಯನೂ ಒಮ್ಮೆ ಮುಖ ತಿರುಗಿಸಿದ. ತಲೆಗೆ ಆರು ಏಟು. ದವಡೆ ಮುರಿದು ಹಲ್ಲುಗಳು ಹಲಗೆಯ ಮೇಲೆ ಚೆಲ್ಲಿದ್ದವು. ಅಡ್ಡ ಹಿಡಿದಿದ್ದ ಎಡಗೈಯ ಬೆರಳುಗಳು ಜಜ್ಜಿಹೋಗಿದ್ದವು. ದೋಣಿಯ ಎರಡು ಹುಟ್ಟುಗಳಲ್ಲಿ ಒಂದು ಇರಲಿಲ್ಲ. ನಿಂಗಯ್ಯ ಕಡವಿನ ಗುಡಿಸಲಲ್ಲೇ ಮಲಗುತ್ತಿದ್ದುದರಿಂದ ಹಿಂದಿನ ಸಂಜೆಯಿಂದ ಯಾರೂ ಅವನನ್ನು ಹುಡುಕಿರಲಿಲ್ಲ.

ಇನ್ಸ್‌ಪೆಕ್ಟರ್ ದೋಣಿಯ ಹೊರಮೈ ನೋಡುತ್ತಾ ನಿಂತರು. ಅಲ್ಲಿ ಬಿಳಿ ಗೆರೆಯೊಂದಿತ್ತು. ಅದು ನೀರಲ್ಲಿ ಮುಳುಗುವಷ್ಟು ಭಾರ ಹಾಕಬಾರದೆಂಬುದು ಸುರಕ್ಷತೆಯ ನಿಯಮ. ಅದರ ಕೆಳಗೆ ಬಿಸಿಲಿಗೆ ಎದ್ದಿದ್ದ ಬಣ್ಣವನ್ನು ಯಾರೋ ಉಗುರಿನಿಂದ ಕೆರೆದಿದ್ದರು. ನಾಲ್ಕು ಬೆರಳು ಕೆಳಗೆ ಇನ್ನೊಂದು ಗೆರೆ, ಹಳೆಯದು, ಕಾಣುತ್ತಿತ್ತು.

"ಸಾರ್, ಇಲ್ಲಿ ಎಡೆ ಇದೆ," ಎಂದು ಕಾನ್‌ಸ್ಟೆಬಲ್ ಪವಿತ್ರ ಕರೆದಳು. ದಡದಲ್ಲಿ ಬಾಳೆಲೆ. ಅನ್ನ, ಪಾಯಸ, ಪಕ್ಕದಲ್ಲಿ ಅರಿಶಿನ ಕುಂಕುಮ, ಒಂದು ಡಜನ್ ಹಸಿರು ಬಳೆ.

ಎರಡು ವರ್ಷದ ಹಿಂದೆ, ಮಾರ್ಚ್ 10ರಂದೇ, ಈ ದೋಣಿ ಮಗುಚಿ ಮೂವರು ಸತ್ತಿದ್ದರು. ಕಳೆದ ವರ್ಷ ಆ ದಿನ ಸತ್ತವರ ಮನೆಯವರು ಬಂದಾಗ ನಿಂಗಯ್ಯ ಅವರನ್ನು ನಡುನೀರಿಗೆ ಒಯ್ದು ಎಡೆ ಬಿಡಿಸಿದ್ದ. ಈ ಎಡೆ ನೀರಿಗೆ ಹೋಗಿರಲಿಲ್ಲ.

"ಬಳೆ ಇಟ್ಟಿದ್ದಾರೆ ಅಂದ್ರೆ ಮುತ್ತೈದೆ ಸಾವು ಸಾರ್," ಎಂದಳು ಪವಿತ್ರ. "ಸತ್ತವರಲ್ಲಿ ಇಬ್ಬರು ಮುದುಕರು. ಇನ್ನೊಬ್ಬಳು ಪೂಜಾ. ಗಂಡ ವಿರೂಪಾಕ್ಷ, ಆಚೆ ದಡದ ರೈತ."

ಠಾಣೆಯಲ್ಲಿ ಹಳೆಯ ಕಡತ ತೆಗೆಸಿದರು. 2021ರಲ್ಲಿ ಎಂಜಿನ್ ಕೆಟ್ಟು ದೋಣಿ ಎರಡು ಗಂಟೆ ನಡುನೀರಲ್ಲಿ ನಿಂತಿತ್ತು. 2022ರಲ್ಲಿ ಮುಳುಗಿದ ಮರದ ಬೊಡ್ಡೆಗೆ ಬಡಿದು ಇಬ್ಬರಿಗೆ ಗಾಯ. 2023ರ ವರದಿಯಲ್ಲಿ ಹೀಗಿತ್ತು: ಭಾರ ಬಿಳಿ ಗೆರೆಯ ಮಿತಿಯಲ್ಲೇ ಇತ್ತು, ವಿರೂಪಾಕ್ಷನ ಬೈಕ್ ಜಾರಿದ್ದರಿಂದ ದೋಣಿ ವಾಲಿತು, ದೋಣಿಯವನ ತಪ್ಪಿಲ್ಲ. ಜನರ ಲೆಕ್ಕವನ್ನು ಯಾರೂ ಕೇಳಿರಲಿಲ್ಲ. ನಮ್ಮಲ್ಲಿ ಗೆರೆ ಸರಿಯಿದ್ದರೆ ಎಲ್ಲವೂ ಸರಿ.

"ಗೆರೆ ಏರಿಸಿದ್ದು ಯಾರಮ್ಮ?"

ಠಾಣೆಯ ಬೆಂಚಿನ ಮೇಲೆ ಕೂತಿದ್ದ ಪುಟ್ಟತಾಯಮ್ಮ ಸೆರಗಿನ ರಕ್ತದ ಕಲೆ ಉಜ್ಜತೊಡಗಿದಳು.

"ಯಾವಾಗ ಏರಿಸಿದ್ದು?"

"ದೋಣಿ ಮುಳುಗೋಕೆ ಒಂದೊರ್ಸ ಮುಂಚೆ. ನಮ್ಮನೆಯವ್ರೇ ಏರ್ಸಿದ್ದು ಸಾ. ಒಂದಿನ ಹದ್ನಾರು ಜನ ತುಂಬಿದ್ರು. ಆಮೇಲೆ ಒಬ್ಳು ಬಸ್ರಿ ಬಂದ್ಲು, ನೋವು ತಿಂತಾ. ಗೆರೆ ಮುಳುಗ್ತದೆ, ಯಾರಾರ ಇಳೀರಿ ಅಂದ್ರು. ಒಬ್ರೂ ಇಳೀಲಿಲ್ಲ, ಅವಳ್ನ ಅತ್ತಿಸ್ಕಳ್ಳಿಲ್ಲ. ಅವಳ ಕೂಸು ಒಟ್ಟೇಲೇ ಓಯ್ತು. ಸಂಜೆ ಊರೋರೆಲ್ಲ ಬಂದು ನಮ್ಮನೆಯವ್ರ್ನ ನಾಯಿಗೆ ಬಡ್ದಂಗೆ ಬಡುದ್ರು. ಮಾರ್ನೆ ದಿನ ಗೆರೆ ಏರ್ಸುದ್ರು."

ಮಧ್ಯಾಹ್ನ 3.20. ಹೊಗೆಸೊಪ್ಪು ಒಣಗಿಸುವ ತನ್ನ ಬ್ಯಾರನ್‌ನ ಬಾಗಿಲಿಗೆ ವಿರೂಪಾಕ್ಷ ಒಳಗಿಂದ ಅಗುಳಿ ಹಾಕಿಕೊಂಡಿದ್ದ. ಹುಚ್ಚಯ್ಯ ಬಾಗಿಲು ಒದ್ದ. ಒಳಗಿಂದ ಮಚ್ಚು ಬೀಸಿ ಬಂತು. ಮುಂದೆ ನುಗ್ಗಿದ್ದ ಕಾನ್‌ಸ್ಟೆಬಲ್ ಕಿರಣ್‌ಕುಮಾರನ ಮುಂಗೈ ಸೀಳಿ ರಕ್ತ ಗೋಡೆಗೆ ಚಿಮ್ಮಿತು. ಎರಡನೇ ಏಟಿಗೆ ಮೊದಲೇ ಹುಚ್ಚಯ್ಯನ ಲಾಠಿ ವಿರೂಪಾಕ್ಷನ ಮಣಿಕಟ್ಟಿಗೆ ಬಿತ್ತು, ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ನಾಲ್ವರು ಮೇಲೆ ಬಿದ್ದು ಅವನನ್ನು ನೆಲಕ್ಕೆ ಒತ್ತಿದರು. ಸೊಪ್ಪಿನ ಕಡ್ಡಿಗಳ ಅಡಿಯಲ್ಲಿ ರಕ್ತ ಮೆತ್ತಿದ ಹುಟ್ಟು ಸಿಕ್ಕಿತು. ಅದರ ಜಪ್ತಿ ಮಹಜರಾಯಿತು.

ಕೈಗೆ ಕಟ್ಟು ಹಾಕಿಸಿದ ಮೇಲೆ, 6.15ಕ್ಕೆ ವಿಚಾರಣೆ.

"ಎಷ್ಟೊತ್ತಿಗೆ ಹೋದೆ?"

"ನೆನ್ನೆ ಸಂಜೆ ಐದೂವರೆಗೆ ಸಾ. ಎಡೆ ಬುಡೋಕೆ."

"ಗೆರೆ ನೋಡಿ ಹೊಡೆದೆಯಾ?"

"ಇಲ್ಲ ಸಾ." ವಿರೂಪಾಕ್ಷ ಗೋಡೆಗೊರಗಿದ. "ಬಣ್ಣ ಎದ್ದಿತ್ತು, ಕೆರ್ದು ನೋಡ್ದೆ. ಆಗ ಎದೆ ಅಗುರಾಯ್ತು. ಎರ್ಡೊರ್ಸದಿಂದ ಊರೆಲ್ಲ ನನ್ನ ಬೈಕೇ ಎಡ್ತೀನ ನುಂಗ್ತು ಅಂತಿದ್ರು. ನಾನೂ ಅಂಗೇ ನಂಬಿದ್ದೆ. ತಪ್ಪು ನಂದಲ್ಲ, ಅವನ್ದು ಅಂತ ಗೊತ್ತಾಗಿ ಅಳು ಬಂದ್ಬುಡ್ತು."

"ಮತ್ತೆ ಕೊಂದಿದ್ದು ಯಾಕೆ?"

ಊರಿನವರ ಬಾಯಿಗೆ ಎರಡು ವರ್ಷ ಆಹಾರವಾದ ಮನುಷ್ಯನನ್ನು ಕಂಡು ಪವಿತ್ರಳಿಗೂ ಮರುಕವಾಯಿತು.

"ಯಾಕ್ಲಾ ಗೆರೆ ಏರಿಸ್ದೆ ಅಂತ ಕೇಳ್ದೆ. 'ಅವತ್ತು ನನ್ನ ಕುತ್ಗೆ ಮೇಲೆ ಕಾಲಿಟ್ಟು ಏರ್ಸು ಅಂದೋರು ನೀವೇ ಅಲ್ವಾ ಬುದ್ಧಿ' ಅಂದ. ಅವತ್ತು ದೋಣಿ ಸಿಗ್ದೆ ಕೂಸು ಕಳ್ಕೊಂಡ ಬಸ್ರಿ ನನ್ನ ತಂಗಿ ಸಾ. ಕಾಲಿಟ್ಟೋನು ನಾನೇ. ಮರ್ತೇ ಓಗಿತ್ತು. ಅವ್ನು ಬಾಯಿ ಮುಚ್ಲಿ ಅಂತ ಹುಟ್ಟು ತಕ್ಕೊಂಡೆ. ಸತ್ ಮೇಲೂ ಆ ಮಾತು ಕೇಳ್ತಾನೇ ಇತ್ತು, ಹೊಡೀತಾನೇ ಇದ್ದೆ."

ಬಂಧನದ ವರದಿಯಲ್ಲಿ ಕೊಲೆಯ ಕಾರಣ ಎಂಬಲ್ಲಿ ಹುಚ್ಚಯ್ಯ 'ಹೆಂಡತಿಯ ಸಾವಿನ ಸೇಡು' ಎಂದು ಬರೆದಿದ್ದ. ನೀಲಕಂಠಸ್ವಾಮಿ ಅದನ್ನು ಹೊಡೆದುಹಾಕಿದರು.

"ಸೇಡಾಗಿದ್ರೆ ಗೆರೆ ಕಂಡಾಗಲೇ ಹೊಡೀತಿದ್ದ ಕಣಯ್ಯ."

"ಮತ್ತೇನು ಬರೀಲಿ ಸಾರ್?"

ಇನ್ಸ್‌ಪೆಕ್ಟರ್ ಪೆನ್ನು ತೆಗೆದುಕೊಂಡು ತಾವೇ ಬರೆದರು: ಮೃತನು ನಿಜ ಹೇಳಿದ್ದರಿಂದ.